ಎಂಟು ಸಾಲಿನ ಪಟ್ಟಿ

ಗಡಿಯಾರ ರಿಪೇರಿ ಮಾಡುವ ಅಕ್ಕನ ಬಲಗೈ ಹೆಬ್ಬೆರಳು ಮೂರು ತಿಂಗಳಿಂದ ಅವಳ ಮಾತು ಕೇಳುತ್ತಿರಲಿಲ್ಲ. ಸುಮ್ಮನೆ ತೊಡೆಯ ಮೇಲಿಟ್ಟರೆ ತನ್ನಷ್ಟಕ್ಕೆ ತಾನು ಅದುರುವುದು, ಚಿಮಟ ಹಿಡಿದರೆ ಒಂದು ಗಳಿಗೆ ತಡೆದು ಮತ್ತೆ ಅದುರುವುದು. ಈ ಸಂಗತಿ ಅವಳೊಬ್ಬಳಿಗೆ ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಹೆಂಗಸರ ಸಣ್ಣ ಕೈಗಡಿಯಾರ ಹಿಡಿದು ಬಂದವರಿಗೆ "ಇದರ ಸಾಮಾನು ಈಗ ಸಿಗಲ್ಲ" ಎಂದು ಹಸಿ ಸುಳ್ಳು ಹೇಳಿ ವಾಪಸ್ ಕಳಿಸುತ್ತಿದ್ದಳು. ದೊಡ್ಡ ಗೋಡೆ ಗಡಿಯಾರ ತಂದವರನ್ನು ಮಾತ್ರ ನೆಂಟರು ಬಂದಂತೆ ಕೂರಿಸಿಕೊಳ್ಳುತ್ತಿದ್ದಳು.

ಇಂಥ ಹೊತ್ತಿನಲ್ಲಿ ತಂಗಿ ಅಂಗಡಿಗೆ ನುಗ್ಗಿ ಬಂದು, "ಅಕ್ಕ, ಶುರು ಮಾಡೋಣ. ಕಂಪ್ಯೂಟರ್ ಕಟ್ಟೋ ಕಾಲ ಬಂತು" ಎಂದಳು.

ಅಕ್ಕ ಬಲಗೈಯನ್ನು ಮೇಜಿನ ಕೆಳಕ್ಕೆ ಎಳೆದುಕೊಂಡಳು.

ಈ ತಂಗಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ವಯಸ್ಸು ನಲವತ್ತು, ಅಕ್ಕನಿಗಿಂತ ಆರು ವರ್ಷ ಚಿಕ್ಕವಳು. ಹಗಲೆಲ್ಲ ಮಕ್ಕಳನ್ನು ಗದರಿಸಿ ಸಂಜೆ ಮನೆಗೆ ಬಂದರೆ ಕುದುರೆಯೇರಿ ಹೊರಡುತ್ತಾಳೆ, ಕಂಪ್ಯೂಟರಿನ ಒಳಗೆ. ಒಂದು ದೇಶವನ್ನೆಲ್ಲ ಕುದುರೆಯ ಮೇಲೆ ಸುತ್ತುವ ಆಟ ಅದು. ಇಪ್ಪತ್ತು ವರ್ಷದಿಂದ ಅವಳು ಆಡುತ್ತಿದ್ದುದೆಲ್ಲ ಬೇರೆಯವರು ಬೇಡವೆಂದು ಕೊಟ್ಟ ಯಂತ್ರಗಳಲ್ಲಿ. ಅವುಗಳಲ್ಲಿ ಚಿತ್ರದ ಗುಣಮಟ್ಟವನ್ನೆಲ್ಲ ಕಡಿಮೆಗೆ ಇಳಿಸಿ ಆಡಬೇಕು. ಮರಗಳು ಹಸಿರು ಡಬ್ಬಗಳ ಹಾಗೆ ಕಾಣುತ್ತವೆ. ದೂರದ ಬೆಟ್ಟಗಳಂತೂ ಕಾಣುವುದೇ ಇಲ್ಲ, ಹತ್ತಿರ ಹೋದ ಮೇಲೆ ಮೂಗಿನ ಮುಂದೆ ಧುತ್ತೆಂದು ಎದ್ದು ನಿಲ್ಲುತ್ತವೆ.

"ಆ ಬೆಟ್ಟಗಳನ್ನ ಹೊರಡೋವಾಗ್ಲೇ ನೋಡ್ಬೇಕು ಕಣಕ್ಕ. ಎಲ್ಲಿಗೆ ಹೋಗ್ತಾ ಇದೀನಿ ಅಂತ ಮೊದಲೇ ಗೊತ್ತಾಗ್ಬೇಕು" ಎಂದು ತಂಗಿ ಎಷ್ಟು ಸಲ ಹೇಳಿದ್ದಳೋ.

ಅದಕ್ಕೆ ಬೇಕಾದ ಒಳ್ಳೆಯ ಯಂತ್ರವನ್ನು ಅಂಗಡಿಯಲ್ಲಿ ಸಿದ್ಧವಾಗಿಯೇ ಕೊಳ್ಳಬಹುದಿತ್ತು. ಆದರೆ ತಂಗಿ ಒಪ್ಪುವವಳಲ್ಲ. ಹನ್ನೆರಡು ವರ್ಷದ ಅಕ್ಕ ಅಪ್ಪನ ಮೇಜಿನ ಮೇಲಿದ್ದ ಅಲಾರಂ ಗಡಿಯಾರವನ್ನು ಬಿಚ್ಚಿ, ಹಲ್ಲಿನ ಚಕ್ರಗಳನ್ನೆಲ್ಲ ಹರವಿ, ಮತ್ತೆ ಜೋಡಿಸಿ ಟಿಕ್ ಟಿಕ್ ಅನ್ನಿಸಿದ್ದನ್ನು ಅವಳು ಆರನೇ ವಯಸ್ಸಿನಲ್ಲಿ ಕಣ್ಣು ಬಿಟ್ಟುಕೊಂಡು ನೋಡಿದವಳು. ಅವತ್ತಿನಿಂದ ಅಕ್ಕನ ಕೈ ಎಂದರೆ ಅವಳಿಗೆ ಅಷ್ಟು ನಂಬಿಕೆ. ಸ್ಟಾಫ್ ರೂಮಿನಲ್ಲಿ ಆಗಲೇ ಡಂಗುರ ಹೊಡೆದಾಗಿತ್ತು: ನನ್ನ ಕಂಪ್ಯೂಟರನ್ನು ಜೋಡಿಸುವವಳು ನನ್ನ ಅಕ್ಕ.

ಅಪ್ಪನಿಗೂ ಈ ಅದುರು ಹೆಬ್ಬೆರಳಿನಿಂದಲೇ ಶುರುವಾಗಿತ್ತು. ಮೊದಲು ಹೆಬ್ಬೆರಳು, ಆಮೇಲೆ ಇಡೀ ಅಂಗೈ, ಕೊನೆಗೆ ನೀರಿನ ಲೋಟವನ್ನೂ ಎರಡು ಕೈಯಲ್ಲಿ ಹಿಡಿದು ಕುಡಿಯುವ ಸ್ಥಿತಿ. ಆ ವರ್ಷಗಳಲ್ಲಿ ತಂಗಿ ಹಾಸ್ಟೆಲಿನಲ್ಲಿದ್ದಳು. ಶುರುವನ್ನು ಕಣ್ಣಾರೆ ಕಂಡವಳು ಅಪ್ಪನ ಗಡಿಯಾರದ ಅಂಗಡಿಯಲ್ಲಿ ಪಕ್ಕದ ಸ್ಟೂಲಿನ ಮೇಲೆ ಕೂತು ಕೆಲಸ ಕಲಿಯುತ್ತಿದ್ದ ಅಕ್ಕ ಒಬ್ಬಳೇ. ಅದಕ್ಕೇ ಈಗ ಅವಳಿಗೆ ಡಾಕ್ಟರ ಹತ್ತಿರ ಹೋಗುವ ಧೈರ್ಯವಿರಲಿಲ್ಲ. ಹೋಗದಿದ್ದರೆ ಅದು ಬರೀ ಆಯಾಸ. ಹೋದರೆ ಅದಕ್ಕೊಂದು ಹೆಸರು ಬರುತ್ತದೆ, ಹೆಸರು ಬಂದ ದಿನ ಅಂಗಡಿಯ ಬಾಗಿಲು ಮುಚ್ಚಬೇಕಾಗುತ್ತದೆ ಎಂದು ಅವಳು ತನಗೆ ತಾನೇ ತೀರ್ಮಾನ ಮಾಡಿಕೊಂಡಿದ್ದಳು.

"ಆಗಲ್ಲ" ಎಂದು ತಂಗಿಗೆ ಹೇಳಿಬಿಡಬಹುದಿತ್ತಲ್ಲ? ಹೇಳಲಿಲ್ಲ. "ಆಗ್ಲಿ, ಪಟ್ಟಿ ಮಾಡೋಣ" ಎಂದಳು.

ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ತಂಗಿ ಶಾಲೆ ಮುಗಿಸಿ ಅಂಗಡಿಗೆ ಬರುತ್ತಿದ್ದಳು. ಮೊದಲ ದಿನವೇ ಅಕ್ಕ ಶಟರನ್ನು ಅರ್ಧ ಇಳಿಸಿ, ರಶೀದಿ ಪುಸ್ತಕದಿಂದ ಹರಿದ ಒಂದು ಹಾಳೆಯ ಹಿಂಬದಿಗೆ ಎಂಟು ಸಾಲು ಬರೆದಳು. ಪ್ರೊಸೆಸರ್, ಮದರ್‌ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್, ಕೂಲರ್, ಪವರ್ ಸಪ್ಲೈ, ಕ್ಯಾಬಿನೆಟ್. ಒಂದೊಂದರ ಮುಂದೆ ತಂಗಿ ತನಗೆ ಬೇಕಾದ್ದನ್ನು ಬರೆಯುವುದು, ಅಕ್ಕ ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು ಹೊಡೆದುಹಾಕುವುದು, ಹೀಗೆ ಸಾಗಿತು.

ಮೊದಲ ವಾರ ಕ್ಯಾಬಿನೆಟ್. ತಂಗಿಗೆ ಮೇಜಿನ ಮೂಲೆಯಲ್ಲಿ ಅಚ್ಚುಕಟ್ಟಾಗಿ ಕೂರುವ, ಗಾಜಿನ ಬದಿಯ ಚಿಕ್ಕ ಪೆಟ್ಟಿಗೆ ಇಷ್ಟವಾಗಿತ್ತು. ಅಕ್ಕ ಅದರೊಳಗಿನ ಜಾಗ ನೋಡಿದಳು. ಅಷ್ಟು ಇಕ್ಕಟ್ಟಿನಲ್ಲಿ ತನ್ನ ಕೈ ಆಡಿಸುವುದನ್ನು ನೆನೆದು ಪೆನ್ಸಿಲಿಗೆ ಕೈ ಹಾಕಿದಳು.

"ದೊಡ್ಡದು ತಗೋ. ಗಾಳಿ ಚೆನ್ನಾಗಿ ಆಡುತ್ತೆ."

"ಇದು ಕ್ಯಾಬಿನೆಟ್ಟೋ ಬೀರುನೋ ಅಕ್ಕ? ಇದರೊಳಗೆ ನಾನೇ ಸಂಸಾರ ಮಾಡ್ಬಹುದು."

"ಮಾಡು, ಬಾಡಿಗೆ ಉಳಿಯುತ್ತೆ" ಎಂದು ಅಕ್ಕ ನಕ್ಕಳು. ಪೆನ್ಸಿಲ್ ಗೀರೆಳೆಯಿತು.

ಎರಡನೇ ವಾರ ಎಸ್‌ಎಸ್‌ಡಿ ಮತ್ತು ಬೋರ್ಡು. ಎಸ್‌ಎಸ್‌ಡಿ ಎಂದರೆ ಆಟವನ್ನೆಲ್ಲ ತುಂಬಿಟ್ಟುಕೊಳ್ಳುವ, ಚೂಯಿಂಗ್ ಗಮ್ ಪಟ್ಟಿಯಂಥ ಒಂದು ಚಿಕ್ಕ ಹಲಗೆ. ಅದನ್ನು ಬೋರ್ಡಿಗೆ ಬಿಗಿಯಲು ಒಂದು ಸ್ಕ್ರೂ. ಚಿತ್ರದಲ್ಲಿ ಆ ಸ್ಕ್ರೂ ನೋಡಿದ ಕೂಡಲೇ ಅಕ್ಕ ಆ ಬೋರ್ಡಿನ ಹೆಸರನ್ನು ಹೊಡೆದುಹಾಕಿದಳು. ಹಿಂದಿನ ವಾರವಷ್ಟೇ ಅಷ್ಟೇ ಗಾತ್ರದ ಸ್ಕ್ರೂ ಅವಳ ಚಿಮಟದಿಂದ ಚಿಮ್ಮಿ ಬಿದ್ದಿತ್ತು, ಅದನ್ನು ಒಂದು ಗಂಟೆ ನೆಲದ ಮೇಲೆ ಮಂಡಿಯೂರಿ ಆಯಸ್ಕಾಂತ ಹಿಡಿದು ಹುಡುಕಿದ್ದಳು. ಈಗ ಹುಡುಕಿ ಹುಡುಕಿ, ಸ್ಕ್ರೂ ಇಲ್ಲದೆ ಬೆರಳಲ್ಲೇ ಒತ್ತಿ ಕೂರಿಸುವ ಬೋರ್ಡೊಂದನ್ನು ಆರಿಸಿದಳು. ಮೂರನೇ ವಾರ, ಪ್ರೊಸೆಸರಿನ ಬಿಸಿ ಎಳೆಯುವ ಪೇಸ್ಟ್ ಮೊದಲೇ ಹಚ್ಚಿಟ್ಟಿರುವ ಕೂಲರ್, ಕ್ಯಾಬಿನೆಟ್ಟಿನ ಮೂರು ಫ್ಯಾನಿಗೆ ಒಂದೇ ವೈರು. ತಂಗಿ ಗೊಣಗಿದಳು, ಒಪ್ಪಿದಳು. ಯಂತ್ರದ ಒಡಲು ತನಗಿಂತ ಅಕ್ಕನಿಗೆ ಚೆನ್ನಾಗಿ ಗೊತ್ತು ಎಂಬ ಮೊಂಡು ನಂಬಿಕೆ.

ಆದರೆ ಪ್ರೊಸೆಸರಿಗೆ ಯಾವ ಉಪಾಯವೂ ನಡೆಯಲಿಲ್ಲ. ತಂಗಿ ಬಯಸಿದಂಥ ಹೊಸ ಬೋರ್ಡುಗಳಲ್ಲೆಲ್ಲ ಪ್ರೊಸೆಸರ್ ಕೂರುವ ಗುಂಡಿಯಲ್ಲಿ ಕೂದಲಿನಷ್ಟು ಸಪೂರ ಪಿನ್ನುಗಳು, ಸಾವಿರಕ್ಕೂ ಮೇಲೆ. ಪ್ರೊಸೆಸರನ್ನು ಅದರ ಮೇಲೆ ಬರೀ ಇಳಿಸಬೇಕು, ಒತ್ತುವಂತಿಲ್ಲ, ಜಾರಿಸುವಂತಿಲ್ಲ. ಕೈ ತಪ್ಪಿ ಬಿದ್ದು ನಾಲ್ಕು ಪಿನ್ನು ಬಾಗಿದರೆ ಬೋರ್ಡು ಹೋಯಿತು. ತಂಗಿ ಅದರ ವಿಡಿಯೋ ತೋರಿಸಿ, "ನಿಂಗಿದು ನೀರು ಕುಡಿದಷ್ಟು ಸುಲಭ" ಎಂದಳು. ಅಕ್ಕ ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಕೂತಳು. ಆ ವಾರವೆಲ್ಲ ಅವಳಿಗೆ ಊಟ ರುಚಿಸಲಿಲ್ಲ. ಗೋಡೆ ಗಡಿಯಾರಕ್ಕೆ ಕೀಲಿ ಕೊಡುವಾಗಲೂ ಕಣ್ಣ ಮುಂದೆ ಆ ಪಿನ್ನುಗಳ ಗದ್ದೆಯೇ ಬರುತ್ತಿತ್ತು, ಅದರ ಮೇಲೆ ತನ್ನ ಹೆಬ್ಬೆರಳು.

ಐದನೇ ಶನಿವಾರ ಗ್ರಾಫಿಕ್ಸ್ ಕಾರ್ಡ್. ಬೆಟ್ಟಗಳನ್ನು ತೋರಿಸುವುದು ಇದೇ. ತಂಗಿ ಆರಿಸಿದ್ದು ಮೂರು ಫ್ಯಾನಿನ, ಇಟ್ಟಿಗೆಗಿಂತ ಉದ್ದದ ಭಾರಿ ಕಾರ್ಡು. ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ತೂಗಿಸಿ ಕೂರಿಸಬೇಕು. ಅಕ್ಕ ಅದನ್ನು ಹೊಡೆದುಹಾಕಿ ಚಿಕ್ಕದೊಂದನ್ನು ಬರೆದಳು.

"ಇದು ಸಾಕು."

"ಸಾಕಾ?" ತಂಗಿಯ ಮುಖ ಕೆಂಪಾಯಿತು. "ಇಡೀ ಯಂತ್ರ ಕಟ್ತಾ ಇರೋದೇ ಇದಕ್ಕೋಸ್ಕರ. ಬೀರು ಗಾತ್ರದ ಡಬ್ಬಿ ಇಟ್ಕೊಂಡು ಅದರೊಳಗೆ ಈ ಪುಟಾಣಿನಾ?"

"ಎತ್ತೋಕೆ ಎರಡು ಕೈ ಬೇಕು ಅದಕ್ಕೆ…"

"ಎತ್ತೋದು ಒಂದು ಸಲ. ನೋಡೋದು ಹತ್ತು ವರ್ಷ!" ತಂಗಿ ಎದ್ದು ನಿಂತಳು. "ನಿಜ ಹೇಳು. ನಲವತ್ತು ವಯಸ್ಸಿಗೆ ಇವಳಿಗೆ ಎಂಥಾ ಆಟ ಅಂತ ತಾನೆ ನಿನ್ನ ಮನಸಲ್ಲಿರೋದು? ಎಲ್ಲರೂ ಅಂತಾರೆ. ನೀನು ಅನ್ನಲ್ಲ ಅಂದ್ಕೊಂಡಿದ್ದೆ."

ಹಾಗಲ್ಲ ಎಂದು ಹೇಳಲು ಅಕ್ಕ ಬಾಯಿ ತೆರೆದಳು. ಹಾಗಲ್ಲ ಎಂದರೆ ಮತ್ತೆ ಹೇಗೆ ಎಂದು ಹೇಳಬೇಕಾಗುತ್ತದೆ. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು. ತಂಗಿಗೆ ಅದೇ ಉತ್ತರವಾಗಿ ಕಂಡಿತು. ಶಟರಿಗೆ ತಲೆ ತಾಗಿಸಿಕೊಂಡು ಹೊರಟುಹೋದಳು. ಇಷ್ಟು ವರ್ಷದಲ್ಲಿ ಅಕ್ಕ ಅವಳನ್ನು ಹಾಗೆ ನೋಯಿಸಿದ್ದಿಲ್ಲ. ಅಂದು ಅಕ್ಕನಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು.

ಆದರೂ ಪಟ್ಟಿಯ ಮೂಲೆಯಲ್ಲಿ, ಪ್ರೊಸೆಸರಿನ ಸಾಲಿನ ಪಕ್ಕ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಮಾತು ಬರೆದಳು. ಸಾಮಾನು ಕೊಳ್ಳುವ ದಿನ ತಂಗಿ ಅತ್ತಿತ್ತ ನೋಡುತ್ತಿರುವಾಗ ಪಟ್ಟಿಯನ್ನು ಕಂಪ್ಯೂಟರ್ ಅಂಗಡಿಯವನಿಗೆ ಗುಟ್ಟಾಗಿ ದಾಟಿಸುವುದು ಅವಳ ಯೋಜನೆ.

ಮುಂದಿನ ಶನಿವಾರ ಇಬ್ಬರೂ ಕಂಪ್ಯೂಟರ್ ಅಂಗಡಿಗೆ ಹೋದರು. ತಂಗಿ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು. ಗಾಜಿನ ಕೌಂಟರಿನ ಹಿಂದೆ ಒಬ್ಬ ಸಣಕಲ ಮನುಷ್ಯ, ಅಂಗಡಿಯ ಮಾಲೀಕ. ಅಕ್ಕ ಚೀಲದಿಂದ ಹಾಳೆ ತೆಗೆಯುತ್ತಿದ್ದಂತೆ ತಂಗಿ ಫಕ್ಕನೆ ಕಸಿದು ಅವನ ಮುಂದಿಟ್ಟಳು. "ಇಷ್ಟೂ ಕೊಡಿ. ಬೇಗ ಮುಗಿಸೋಣ."

ಅಕ್ಕ ಎಡಗೈ ಚಾಚುವಷ್ಟರಲ್ಲಿ ಹಾಳೆ ಅವನ ಕೈ ಸೇರಿತ್ತು.

ಅವನೋ, ಏನಿದ್ದರೂ ಗಟ್ಟಿಯಾಗಿ ಓದುವ ಜಾತಿ. ಬೆರಳಿಟ್ಟುಕೊಂಡು ಒಂದೊಂದೇ ಸಾಲು ಓದಿ, ತಲೆ ಕೆರೆದುಕೊಂಡ. "ಮೇಡಂ, ಬೇಜಾರು ಮಾಡ್ಕೋಬೇಡಿ. ಇದು ಆಡೋರು ಬರೆದ ಪಟ್ಟಿ ಥರ ಇಲ್ಲ, ಜೋಡಿಸೋರು ಬರೆದಿದ್ದು. ದೊಡ್ಡ ಡಬ್ಬಿ, ಸ್ಕ್ರೂ ಇಲ್ಲದ ಬೋರ್ಡು, ಹಗುರ ಕಾರ್ಡು. ನಮ್ಮ ಮಾವ ಕೈ ಮುರ್ಕೊಂಡಿದ್ದಾಗ ಅವರಿಗೆ ಇಂಥದ್ದೇ ಬರ್ಕೊಟ್ಟಿದ್ದೆ. ಇಲ್ಲೇನೋ ಸಣ್ಣಕ್ಷರ ಇದೆಯಲ್ಲ… 'ಪ್ರೊಸೆಸರ್ ನೀವೇ ಕೂರಿಸಿ ಕೊಡಿ, ತಂಗಿಗೆ ಹೇಳಬೇಡಿ.'"

ಓದಿದ ಮೇಲೆ ಅವನು ನಾಲಿಗೆ ಕಚ್ಚಿಕೊಂಡ. ತಂಗಿ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಮೇಲಿನಿಂದ ಕೆಳಗೆ, ಹೊಡೆದುಹಾಕಿದ್ದನ್ನೂ ಉಳಿದದ್ದನ್ನೂ ನೋಡಿದಳು. ಲೆಕ್ಕದವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಮೇಲೆ ಚೀಲದ ಕೆಳಗೆ ಅಡಗಿದ್ದ ಅಕ್ಕನ ಬಲಗೈಯನ್ನು ನೋಡಿದಳು.

"ಐದು ನಿಮಿಷದಲ್ಲಿ ಬರ್ತೀವಿ" ಎಂದು ಅವನಿಗೆ ಹೇಳಿ, ಹಾಳೆ ಎತ್ತಿಕೊಂಡು, ಅಕ್ಕನ ತೋಳು ಹಿಡಿದು ಹೊರಗೆ ಕರೆತಂದು ಮೆಟ್ಟಿಲ ಮೇಲೆ ಕೂರಿಸಿದಳು. "ತೋರ್ಸು."

ಅಕ್ಕ ಕೈಯನ್ನು ಮಂಡಿಯ ಮೇಲಿಟ್ಟಳು. ಹೆಬ್ಬೆರಳು ನಾಚಿಕೆಯಿಲ್ಲದೆ ಅದುರತೊಡಗಿತು.

"ಯಾವಾಗಿಂದ?"

"ನಾಲ್ಕು ತಿಂಗಳ ಮೇಲಾಯ್ತು."

"ಅಪ್ಪಂಗೂ…"

"ಹೂಂ. ಅಪ್ಪಂಗೂ ಹೆಬ್ಬೆರಳಿಂದಾನೇ."

ತಂಗಿ ಆ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು. "ನಾನು ಕಾರ್ಡಿಗೋಸ್ಕರ ನಿನ್ ಜೊತೆ ಜಗಳ ಆಡಿದೆ. ನೀನಾದ್ರೂ ಬಾಯ್ಬಿಟ್ಟು ಹೇಳ್ಬಾರ್ದಾ?"

"ಹೇಳಿದ್ರೆ ನೀನು ಡಾಕ್ಟರ್ ಹತ್ರ ಎಳ್ಕೊಂಡು ಹೋಗ್ತೀಯ. ಅವರು ಏನೋ ಒಂದು ಹೆಸರು ಹೇಳ್ತಾರೆ. ಆಮೇಲೆ ಅಂಗಡಿ? ನಂಗೆ ಇನ್ನೇನು ಬರುತ್ತೆ ಹೇಳು, ಇದು ಬಿಟ್ರೆ?" ಅಕ್ಕನ ದನಿ ಒಡೆಯಿತು. "ನಂಗೆ ಭಯ ಕಣೇ. ತುಂಬಾ ಭಯ."

"ನಂಗೂ ಭಯಾನೇ" ಎಂದಳು ತಂಗಿ. ಮೂಗು ಒರೆಸಿಕೊಂಡಳು. "ಅದು ಏನೋ ನಂಗೊತ್ತಿಲ್ಲ. ಏನೂ ಇಲ್ದೇನೂ ಇರ್ಬಹುದು. ಆದ್ರೆ ಬೆಟ್ಟ ಇದ್ರೆ ದೂರದಿಂದಾನೇ ನೋಡ್ಬೇಕು ಅಕ್ಕ. ಮೂಗಿನ ಮುಂದೆ ಎದ್ದು ನಿಲ್ಲೋವರೆಗೂ ಕಾಯೋದು ಎಷ್ಟು ಕಷ್ಟ ಅಂತ ಇಪ್ಪತ್ತು ವರ್ಷ ನೋಡಿದೀನಿ."

 ತಂಗಿ ಅಕ್ಕನ ಕಿವಿಯಿಂದ ಪೆನ್ಸಿಲ್ ಎಳೆದುಕೊಂಡು, ಹಾಳೆಯನ್ನು ತೊಡೆಯ ಮೇಲೆ ಹರವಿದಳು. ಇರುವೆ ಸಾಲಿನ ಬರಹವನ್ನು ಹೊಡೆದುಹಾಕಿದಳು. ಚಿಕ್ಕ ಕಾರ್ಡನ್ನು ಹೊಡೆದುಹಾಕಿ ಮೂರು ಫ್ಯಾನಿನದನ್ನು ಮತ್ತೆ ಬರೆದಳು.

"ಪ್ರೊಸೆಸರ್, ಕಾರ್ಡು ಎಲ್ಲಾ ಕೂರ್ಸೋದು ನಾನು. ನೀನು ಪಕ್ಕದಲ್ಲಿ ಕೂತ್ಕೊಂಡು ಹೇಳು."

"ಸೂಜಿಗೆ ದಾರ ಹಾಕೋಕ್ಕೆ ಬರಲ್ಲ ನಿಂಗೆ. ಪಿನ್ನು ಬಾಗಿದ್ರೆ?"

"ಬಾಗಿದ್ರೆ ಇಬ್ಬರೂ ಕೂತು ಅಳೋಣ. ಕೀಬೋರ್ಡ್ ಒದ್ದೆ ಆಗದ ಹಾಗೆ."

ಅಕ್ಕನಿಗೆ ಅಳುವಿನ ನಡುವೆಯೇ ನಗು ಬಂತು. "ಉಸಿರು ಪೂರ್ತಿ ಬಿಟ್ಟು ಆಮೇಲೆ ಇಳಿಸ್ಬೇಕು" ಎಂದಳು. "ಉಸಿರು ಎಳ್ಕೊಂಡು ಇಳಿಸಿದ್ರೆ ಕೈ ಅಲುಗುತ್ತೆ. ಅಪ್ಪ ಹೇಳ್ಕೊಟ್ಟಿದ್ದು."

"ಸರಿ, ಉಸಿರು ಬಿಟ್ಟು." ತಂಗಿ ಎಂಟನೇ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆದು, ಹಾಳೆಯನ್ನೂ ಪೆನ್ಸಿಲನ್ನೂ ಅಕ್ಕನ ಮಡಿಲಿಗೆ ಹಾಕಿದಳು. ಡಾಕ್ಟರ್. ಸೋಮವಾರ, ಬೆಳಗ್ಗೆ ಹತ್ತು. ಇಬ್ಬರೂ.

ಅಕ್ಕ ಅದನ್ನು ಎರಡು ಸಲ ಓದಿದಳು. ಪೆನ್ಸಿಲ್ ಎತ್ತಿಕೊಂಡಳು. ಮೊನೆ ಕಾಗದಕ್ಕೆ ತಾಗದೆ ಅದುರುತ್ತ ಅದುರುತ್ತ ಆ ಸಾಲಿನ ತುದಿಯವರೆಗೂ ಹೋಯಿತು. ತಂಗಿ ನೋಡುತ್ತಲೇ ಇದ್ದಳು. ಅಕ್ಕ ಉಸಿರನ್ನು ಪೂರ್ತಿಯಾಗಿ ಹೊರಬಿಟ್ಟು, ಸಾಲನ್ನು ಹೊಡೆದುಹಾಕದೆ ಹಾಗೆಯೇ ಬಿಟ್ಟು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಳು.