ಹಿಂಬದಿಯ ಐದು ಗೂಡುಗಳು

ದೂರದಿಂದ ನೋಡಿದರೆ ಆ ಬೆಟ್ಟದ ಮೈಮೇಲೆ ಯಾರೋ ಸುಣ್ಣದ ನೀರು ಚೆಲ್ಲಿದಂತೆ ಬಿಳಿ ಗೆರೆಗಳು ಇಳಿದಿದ್ದವು. ಕಡಿದಾದ ಬಂಡೆ, ಅದರ ಮೈಯಲ್ಲಿ ಅಲ್ಲಲ್ಲಿ ಹಲಗೆಯಂತೆ ಹೊರಬಂದ ಕಲ್ಲಿನ ಚಾಚುಗಳು, ಕೆಲವು ಚಾಚುಗಳ ಕೆಳಗೆ ಒಂದೊಂದು ಗೆರೆ. ರಣಹದ್ದು ಗೂಡು ಕಟ್ಟಿದ ಕಡೆ ಅದರ ಹಿಕ್ಕೆ ಬಂಡೆಯ ಮೇಲೆ ಹೀಗೆ ಇಳಿಯುತ್ತದೆ. "ಮೊದ್ಲು ಗೆರೆ ಹುಡುಕವ್ವ. ಗೆರೆ ಸಿಕ್ಕಿದ್ರೆ ಗೂಡು ತಾನಾಗೇ ಕಾಣುತ್ತೆ" ಎಂದು ನನಗೆ ಹೇಳಿಕೊಟ್ಟವನು ಜವರಯ್ಯ ತಾತ.

ತಾತ ಊರಿನ ಸತ್ತ ದನಗಳನ್ನು ಸಾಗಿಸಿ ಬೆಟ್ಟದ ತಪ್ಪಲಿಗೆ ಹಾಕುತ್ತಿದ್ದವನು. ಅವನ ಹರೆಯದಲ್ಲಿ, ಚರ್ಮ ಸುಲಿದು ಹತ್ತು ಹೆಜ್ಜೆ ಹಿಂದೆ ಸರಿಯುವಷ್ಟರಲ್ಲಿ ನೂರಾರು ಹದ್ದುಗಳು ಇಳಿಯುತ್ತಿದ್ದವಂತೆ. ಆಮೇಲೆ ದನಗಳ ನೋವಿಗೆ ಕೊಡುತ್ತಿದ್ದ ಒಂದು ಔಷಧಿ ಸತ್ತ ದನದ ಮಾಂಸದಲ್ಲೂ ಉಳಿದು, ಅದನ್ನು ತಿಂದ ಹದ್ದುಗಳು ಕತ್ತು ಜೋಲು ಹಾಕಿ ಕೂತಲ್ಲೇ ಸತ್ತವು. ಕೊನೆಗೆ ಉಳಿದದ್ದು ಮೂರು ಜೋಡಿ. ಔಷಧಿ ನಿಂತಿತು. ಹದ್ದುಗಳು ಮೊಟ್ಟೆಯಿಟ್ಟು ಮರಿ ಹಾರಿಸುವ ಐದು ತಿಂಗಳು ಬೆಟ್ಟದ ಕಲ್ಲು ಕ್ವಾರಿಯಲ್ಲಿ ಸಿಡಿಮದ್ದು ಸಿಡಿಸಬಾರದೆಂಬ ಆದೇಶವೂ ಬಂತು. ಪ್ರತಿ ವರ್ಷ ಗೂಡು ಎಣಿಸಲು ಅರಣ್ಯ ಕಚೇರಿಯವರು ತಾತನನ್ನು ನೇಮಿಸಿದರು. ನನಗೆ ಓದುಬರಹ ಗೊತ್ತಿದ್ದುದರಿಂದ, ದುರ್ಬೀನು ಹೊರಲು ಮತ್ತು ಪುಸ್ತಕದಲ್ಲಿ ಬರೆಯಲು ನನ್ನನ್ನು ಸೇರಿಸಿಕೊಂಡರು.

ಆದೇಶದ ಕೊನೆಯಲ್ಲಿ ಒಂದು ಸಾಲಿತ್ತು: ಇಪ್ಪತ್ತು ಗೂಡುಗಳಲ್ಲಿ ಮರಿ ಕಂಡ ವರ್ಷ ಹದ್ದುಗಳು ಚೇತರಿಸಿಕೊಂಡವೆಂದು ತಿಳಿದು ನಿರ್ಬಂಧ ತೆಗೆಯಲಾಗುವುದು. ಊರಿಗೆಲ್ಲ ಆ ಸಾಲು ಬಾಯಿಪಾಠ. ನನಗಂತೂ ನಿದ್ದೆಯಲ್ಲಿ ಕೇಳಿದರೂ ಹೇಳುವಷ್ಟು. ನನ್ನ ಗಂಡ ತಿಮ್ಮರಾಜು ಅದೇ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದರು. ಕೆಲಸ ನಿಂತ ಐದು ತಿಂಗಳು ಇನ್ನೊಂದು ಊರಿನ ಇಟ್ಟಿಗೆ ಗೂಡಿಗೆ ಹೋಗುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಬಂದಾಗ ಚಪ್ಪಲಿ ಬಿಡುವ ಮೊದಲೇ ಕೇಳುವ ಮಾತು ಒಂದೇ.

"ಎಷ್ಟಾಯ್ತು?"

"ಹದಿನೆಂಟು."

"ಹೋದ ವರ್ಸಾನೂ ಹದಿನೆಂಟು. ಅದ್ರ ಹಿಂದ್ಲು ವರ್ಸಾನೂ ಹದಿನೆಂಟು. ಅವೇನು ಮರಿ ಮಾಡೋದೇ ಬಿಟ್ಬಿಟ್ಟವಾ?"

ಆ ಹದಿನೆಂಟು ನನ್ನನ್ನೂ ಕೊರೆಯುತ್ತಿತ್ತು. ಒಂದು ಮಧ್ಯಾಹ್ನ ಹಳೆಯ ಪುಸ್ತಕಗಳನ್ನು ತಿರುವಿದೆ. ಬೆಟ್ಟದ ಮುಂಬದಿಯನ್ನು ನಾನೇ ಕಣ್ಣಾರೆ ಎಣಿಸುತ್ತಿದ್ದೆ; ಅಲ್ಲಿ ವರ್ಷಕ್ಕೊಂದರಂತೆ ಗೂಡು ಹೆಚ್ಚಿ ಈಗ ಹದಿನೈದಾಗಿತ್ತು. ಹಿಂಬದಿಗೆ ಮಾತ್ರ ತಾತ ಒಬ್ಬನೇ ಹೋಗುತ್ತಿದ್ದ. "ಅಲ್ಲಿ ಕಾಲಿಡಕ್ಕೆ ಜಾಗ ಇಲ್ಲ ಕಣವ್ವ. ನಾನ್ ಹೇಳಿದ್ ಬರ್ಕೋ" ಅನ್ನುತ್ತಿದ್ದ. ಮುಂಬದಿಯಲ್ಲಿ ಒಂದು ಹೆಚ್ಚಿದಾಗಲೆಲ್ಲ ಹಿಂಬದಿಯಲ್ಲಿ ಒಂದು ಇಳಿದಿತ್ತು. ಐದು, ನಾಲ್ಕು, ಈ ವರ್ಷ ಮೂರು. ಮೂರೂ ಹಾಳೆಗಳಲ್ಲಿ ಇದ್ದದ್ದು ನನ್ನದೇ ಅಕ್ಷರ.

ಮರುದಿನ ತಾತ ಮಂಡಿನೋವೆಂದು ಬರಲಿಲ್ಲ. ನಾನು ಯಾರಿಗೂ ಹೇಳದೆ ಬೆಟ್ಟ ಸುತ್ತಿ ಹಿಂಬದಿಗೆ ಹೋದೆ. ಕಾಲಿಡಲು ಜಾಗವಿಲ್ಲ ಅಂದದ್ದು ಸುಳ್ಳು. ಮೇಕೆಗಳು ಓಡಾಡಿದ ದಾರಿ ಸಲೀಸಾಗಿಯೇ ಇತ್ತು. ತಲೆಯೆತ್ತಿದೆ. ಬಿಳಿ ಗೆರೆಗಳು ಐದು. ದುರ್ಬೀನನ್ನು ಒಂದೊಂದೇ ಗೆರೆಯ ಮೇಲಿನ ಚಾಚಿಗೆ ಹಿಡಿದೆ. ಐದರಲ್ಲೂ ಮರಿಯಿತ್ತು. ಒಂದು ಗೂಡಿನಲ್ಲಿ ತಾಯಿ ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಅರ್ಧ ಬಿಚ್ಚಿ, ಮರಿಗೆ ನೆರಳು ಮಾಡಿ ನಿಂತಿತ್ತು.

ಅಲ್ಲಿಂದ ನೇರ ತಾತನ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ.

"ಹಿಂದ್ಗಡೆ ಹೋಗಿದ್ದೆ ತಾತ."

ತಿಕ್ಕುವ ಕೈ ನಿಂತಿತು. "ಎಷ್ಟು ಕಂಡ್ವು?"

"ಐದು. ನಿಂಗೊತ್ತಲ್ಲ."

"ಗೊತ್ತು. ಹದಿನೆಂಟು ಅಂದ್ರೆ ಅಯ್ಯೋ ಪಾಪ ಅಂತಾರೆ. ಇಪ್ಪತ್ತು ಅಂದ್ರೆ ಮಾರ್ನೆ ದಿನ ಮದ್ದು ಇಡ್ತಾರೆ."

"ಈ ಎರಡು ಗೂಡು ನೀನು ಮುಚ್ಚಿಟ್ರೆ ನನ್ ಗಂಡ ಬರೋ ವರ್ಸಾನೂ ಊರು ಬಿಡ್ಬೇಕು."

"ನಿನ್ ಗಂಡ ಇನ್ನೊಂದೂರಿಗೆ ಹೋಗಿ ದುಡೀಬೋದು. ಅವು ಯಾವ ಬೆಟ್ಟಕ್ಕೆ ಹೋಗ್ತವೆ?" ತಾತ ನನ್ನ ಮುಖ ನೋಡಲಿಲ್ಲ. "ಅವು ಸತ್ತಾಗ ಒಂದೊಂದ್ನೂ ನಾನೇ ಎತ್ತಿ ಹೂಳಿದೀನಿ ಕಣವ್ವ. ಇನ್ನೊಂದ್ ಸಲ ನನ್ ಕೈಲಾಗಲ್ಲ. ಬರಿಯೋಳು ನೀನು. ಏನಾರ ಬರಿ."

ಆಮೇಲಿನ ನಾಲ್ಕು ದಿನ ನಾನು ಒಂದು ಕಡೆ ಕೂರಲಿಲ್ಲ. ಅನ್ನಕ್ಕಿಟ್ಟು ಮರೆತು ಸೀಯಿಸಿದೆ. ಕಚೇರಿಗೆ ಕಳಿಸುವ ವರ್ಷದ ಲೆಕ್ಕದಲ್ಲಿ ಹದಿನೆಂಟು ಬರೆದು ಹಾಳೆ ಹರಿದೆ. ಇಪ್ಪತ್ತು ಬರೆದು ಅದನ್ನೂ ಹರಿದೆ. ಬೀದಿಗೆ ಬಂದರೆ ಕಣ್ಣು ಬೆಟ್ಟದ ಕಡೆಗೇ ಹೋಗುತ್ತಿತ್ತು, ಆ ಕಡೆ ನೋಡಲಾಗದೆ ಮತ್ತೆ ಒಳಗೆ ಬರುತ್ತಿದ್ದೆ. ಸುಳ್ಳು ಬರೆದರೆ ಗಂಡನಿಗೆ ಮೋಸ, ನಿಜ ಬರೆದರೆ ಆ ತಾಯಿಯ ನೆರಳಿನಲ್ಲಿದ್ದ ಮರಿಗೆ.

ಐದನೆಯ ದಿನ ಗಂಡ ಬಂದರು. ಅಂಗೈ ತುಂಬ ಬೊಬ್ಬೆ. "ಎಷ್ಟಾಯ್ತು?" ಅಂದರು.

"ಬನ್ನಿ, ನೀವೇ ಎಣಿಸಿ" ಎಂದು ಹಿಂಬದಿಗೆ ಕರೆದುಕೊಂಡು ಹೋದೆ.

ಅವರು ಅಲ್ಲಿಯವರೆಗೆ ದುರ್ಬೀನು ಮುಟ್ಟಿದವರಲ್ಲ. ಬಹಳ ಹೊತ್ತು ನೋಡಿದರು. "ಐದು" ಅಂದರು. ಅವರ ದನಿಯಲ್ಲಿ ಗೆಲುವಿತ್ತು. ಆದರೆ ದುರ್ಬೀನು ಕೆಳಗಿಳಿಸಲಿಲ್ಲ. ಅದು ಗೂಡಿನಿಂದ ಸರಿದು ಬಂಡೆಯ ಮೇಲೆ ನಿಧಾನ ಹರಿಯತೊಡಗಿತು. ಆಮೇಲೆ ಅವರು ಬಂಡೆಯ ಬುಡಕ್ಕೆ ಹೋಗಿ, ಕಲ್ಲೊಂದನ್ನು ಎತ್ತಿಕೊಂಡು ಅಲ್ಲಲ್ಲಿ ಬಡಿದು ಕಿವಿಗೊಟ್ಟು ಕೇಳಿದರು.

"ಇಲ್ಲಿ ಬಾ. ಈ ಬಿರುಕು ನೋಡು. ಕ್ವಾರಿ ಕಡೆಯಿಂದ ಬಂದೈತೆ. ಹೋದ ಮಳೆಗಾಲ್ದಾಗೆ ನಾವು ಮದ್ದಿಟ್ಟಾಗ ಬಾಯಿ ಬಿಟ್ಟಿರ್ಬೇಕು. ಇನ್ನೊಂದು ನಾಕು ಸಲ ಸಿಡಿಸಿದ್ರೆ ಐದು ಗೂಡೂ ಕೆಳಗೆ."

"ಮರಿ ಹಾರಿದ್ಮೇಲೆ ಸಿಡಿಸಿದ್ರೂ?"

"ಕಲ್ಲಿಗೆ ತಿಂಗಳು ಗೊತ್ತಾಗುತ್ತಾ?"

ತಾತ ಸುಳ್ಳು ಹೇಳಿ ಕಾಯ್ದದ್ದು ಐದು ತಿಂಗಳನ್ನು. ಉಳಿದ ಏಳು ತಿಂಗಳು ನನ್ನ ಗಂಡನೇ ಗೊತ್ತಿಲ್ಲದೆ ಗೂಡುಗಳ ಬುಡ ಸೀಳುತ್ತಿದ್ದರು. ಅವರು ಬಂಡೆಗೆ ಒರಗಿ ಕೂತರು. ನಾನು ಪುಸ್ತಕ ತೆರೆದೆ. ಅವರೇ ಹೇಳಿದರು.

"ಇಪ್ಪತ್ತು ಅಂತ ಬರಿ. ಬಿರುಕನ್ನೂ ಬರಿ. ನಾನ್ ಹೇಳ್ದೆ ಅಂತ್ಲೇ ಬರಿ."

ಹತ್ತು ದಿನದಲ್ಲಿ ಕಚೇರಿಯಿಂದ ಅಧಿಕಾರಿ ಬಂದರು. ಗಂಡ ಅವರಿಗೆ ಬಿರುಕು ತೋರಿಸಿದರು. ಅಧಿಕಾರಿ ಹಳೆಯ ಪುಸ್ತಕ ತಿರುವಿ, "ಹಿಂಬದಿಯಲ್ಲಿ ನಾಲ್ಕು, ಮೂರು ಅಂತ ಕಡಿಮೆ ಬರೆದಿದ್ದೀಯಲ್ಲಮ್ಮ, ಯಾಕೆ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ, ದೂರದಲ್ಲಿ ನಿಂತಿದ್ದ ತಾತ ಮುಂದೆ ಬಂದ. "ಅವ್ಳು ಬರ್ದಿದ್ದು ಅಷ್ಟೇ ಸ್ವಾಮಿ. ಸುಳ್ಳು ಹೇಳ್ದೋನು ನಾನು." ಆ ವಾರವೇ ಅವನ ಕೆಲಸ ಹೋಯಿತು.

ಗೂಡು ಇಪ್ಪತ್ತಾಗಿದ್ದರೂ, ಬಿರುಕಿನಿಂದಾಗಿ ಕ್ವಾರಿಯಲ್ಲಿ ಬೆಟ್ಟದ ಹಿಂಬದಿಗೆ ತಾಗುವ ಭಾಗವನ್ನು ಪೂರ್ತಿ ಮುಚ್ಚಿದರು. ಊರ ಕಡೆಯ ಬಾಯಲ್ಲಿ ಮದ್ದಿಲ್ಲದೆ, ಬರೀ ಉಳಿ ಸುತ್ತಿಗೆಯಲ್ಲಿ ವರ್ಷಪೂರ್ತಿ ಒಡೆಯಬಹುದೆಂದು ಆಯಿತು. ಅರ್ಧ ಜನಕ್ಕೆ ಮಾತ್ರ ಕೆಲಸ ಸಿಕ್ಕಿತು. ಆ ಅರ್ಧದಲ್ಲಿ ನನ್ನ ಗಂಡ ಇರಲಿಲ್ಲ. ಬಿರುಕು ತೋರಿಸಿದವನನ್ನು ಮೇಸ್ತ್ರಿ ಹತ್ತಿರ ಸೇರಿಸಲಿಲ್ಲ. ಎರಡು ವರ್ಷ ಅವರು ಇಟ್ಟಿಗೆ ಗೂಡಿನಲ್ಲೇ ದುಡಿದರು. ಒಮ್ಮೆಯೂ ನನ್ನನ್ನು ದೂರಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ತಾತ ನನ್ನೊಡನೆ ಮಾತು ಬಿಟ್ಟಿದ್ದ. ಮರುವರ್ಷ ಒಬ್ಬಳೇ ಎಣಿಸುತ್ತ ಹಿಂಬದಿಗೆ ಹೋದಾಗ, ಬಂಡೆಯ ನೆರಳಲ್ಲಿ ಕೂತು ಮೇಲೆ ನೋಡುತ್ತಿದ್ದ. ನಾನು ಸ್ವಲ್ಪ ದೂರದಲ್ಲಿ ಕೂತೆ. ಮೇಲಿನ ಚಾಚಿನ ಅಂಚಿಗೆ ಬಲಿತ ಮರಿಯೊಂದು ಬಂದು ನಿಂತಿತ್ತು. ರೆಕ್ಕೆ ಬಿಚ್ಚುವುದು, ಗಾಳಿ ತಾಗಿದೊಡನೆ ಮಡಿಸಿ ಹಿಂದೆ ಸರಿಯುವುದು, ಮತ್ತೆ ಅಂಚಿಗೆ ಬರುವುದು. ತಾತ ಪಕ್ಕಕ್ಕೆ ಸರಿದು, ನೆರಳಿನಲ್ಲಿ ನನಗೂ ಜಾಗ ಮಾಡಿದ. ಹೋಗಿ ಕೂತೆ. ಹೊತ್ತು ಇಳಿಯುವವರೆಗೂ ಮರಿ ಹಾರಲಿಲ್ಲ. ನಾವೂ ಏಳಲಿಲ್ಲ.