ಮೋಡವಿಲ್ಲದ ಸಂಜೆಯ ಛತ್ರಿ

"ಇನ್ನೊಂಚೂರು ಬಗ್ರಿ ಮಾವಾ. ಕುತ್ತಿಗಿ ಏನ ಕಬ್ಬಿಣದ್ದೇನ?" ಎನ್ನುತ್ತ ಪರಮೇಶ ತನ್ನ ಅಕ್ಕನ ಗಂಡನ ತಲೆಯನ್ನು ಎರಡೂ ಕೈಯಿಂದ ಮುಂದಕ್ಕೆ ತಳ್ಳುತ್ತಿದ್ದ. ತಲೆ ಬಗ್ಗಲಿಲ್ಲ. ಗೋಡೆಗೆ ಒರಗಿಸಿ ಕೂಡಿಸಿದ್ದ ಗುಡ್ಡಪ್ಪನ ಹೆಣ, ಹಣೆತುಂಬ ವಿಭೂತಿ ಬಳಿಸಿಕೊಂಡು, ಗಲ್ಲ ಎತ್ತಿ ಸೂರು ನೋಡುತ್ತಿತ್ತು.

"ದೃಷ್ಟಿ ಅಂಗೈಯಾಗಿನ ಲಿಂಗದ ಮ್ಯಾಲ ಇರಬೇಕ್ರಿ," ಎಂದರು ಅಯ್ಯನವರು. "ಹಿಂಗ ಮ್ಯಾಲ ನೋಡಕೋಂತ ಕುಂತ್ರ ಹೆಂಗ?"

"ಬದುಕಿದ್ದಾಗನ ಕೆಳಗ ನೋಡಲಿಲ್ಲ, ಈಗೇನ ನೋಡತಾರ," ಎಂದಳು ಎದುರು ಮನೆಯ ದ್ರಾಕ್ಷಾಯಿಣಿ. ಅಳುವುದಕ್ಕೆಂದು ಬಾಯಿಗೆ ಸೆರಗು ಹಿಡಿದವರೆಲ್ಲ ಅದರ ಹಿಂದೆಯೇ ನಕ್ಕರು. ಬೈರಿದೇವರಕೊಪ್ಪದ ಈ ಓಣಿಗೆ ದುಃಖಪಡಲು ಬರುತ್ತಿತ್ತೋ ಇಲ್ಲವೋ, ನಗಲು ಚೆನ್ನಾಗಿ ಬರುತ್ತಿತ್ತು.

ಹೆಂಡತಿ ರುಕ್ಮವ್ವ ಅಳಲೂ ಇಲ್ಲ, ನಗಲೂ ಇಲ್ಲ. "ಅರಬಿ ಹಾಕಿ ಬಿಗದ ಕಟ್ಟಪಾ," ಎಂದಳು ತಮ್ಮನಿಗೆ. "ನನ್ನ ಮಾತಿಗೂ ಎಂದೂ ಬಗ್ಗಲಿಲ್ಲ ಆ ಕುತ್ತಿಗಿ."

* * *

ಗುಡ್ಡಪ್ಪನದು ಹಿಟ್ಟಿನ ಗಿರಣಿ. ಹಗಲೆಲ್ಲ ತಲೆ ತಗ್ಗಿಸಿ ಓಣಿಯ ಜೋಳ ಬೀಸಿ, ಕತ್ತಲಾಗುತ್ತಲೇ ಮಾಳಿಗೆ ಹತ್ತಿ ಉಪಗ್ರಹ ನೋಡುವುದು ಅವನ ಚಟ. ಕುಡಿಯುವ ಚಟವಾಗಿದ್ದರೆ ಓಣಿ ಅರ್ಥ ಮಾಡಿಕೊಳ್ಳುತ್ತಿತ್ತು. ಬೀದಿದೀಪ ಕಣ್ಣಿಗೆ ಹೊಡೆಯುತ್ತದೆಂದು ಆ ಬೆಳಕಿಗೆ ಅಡ್ಡವಾಗಿ ಛತ್ರಿ ಬಿಚ್ಚಿ ಹಿಡಿಯುತ್ತಿದ್ದ. ಚೂರೂ ಮೋಡವಿಲ್ಲದ ಆಕಾಶದ ಕೆಳಗೆ ಛತ್ರಿ ಹಿಡಿದು ನಿಂತ ಗಂಡಸು! ಇದಕ್ಕಿಂತ ಅಗ್ಗದ ಮನರಂಜನೆ ಹುಬ್ಬಳ್ಳಿಯಲ್ಲಿರಲಿಲ್ಲ. ಒಳಗೆ ಮನುಷ್ಯರಿರುವ ಬಾಹ್ಯಾಕಾಶ ನಿಲ್ದಾಣ ಹಾದುಹೋಗುವಾಗಂತೂ ಬಸ್ಸು ಹತ್ತಿದ ಬೀಗರಿಗೆ ಬೀಸಿದ ಹಾಗೆ ಕೈ ಬೀಸುತ್ತಿದ್ದ.

ರುಕ್ಮವ್ವನನ್ನು ಕರೆಯದ ದಿನವಿರಲಿಲ್ಲ. ಅವಳು ಹೋದ ದಿನವೂ ಇರಲಿಲ್ಲ. ನಿನ್ನೆ ಸಂಜೆಯೂ ಕರೆದಿದ್ದ.

"ಒಂದ ಸರ್ತಿ ಬಾ. ಚುಕ್ಕಿ ಮಿಣಕತಾವ, ವಿಮಾನಕ್ಕ ಕೆಂಪ ದೀಪ ಇರತೈತಿ. ಇದು ಸುಮ್ಮನ ಹೊಂಟಿರತೈತಿ. ನಡು ಆಕಾಶದಾಗ ಕಾಣದಂಗ ಆಗತೈತಿ."

"ಮುಣಗತೈತೇನು?"

"ಇಲ್ಲ. ಭೂಮಿ ನೆರಳಾಗ ಹೋಗತೈತಿ. ಹೊಂಟ ಇರತೈತಿ, ನಮಗ ಕಾಣೂದಿಲ್ಲ ಅಷ್ಟ."

"ಕಾಣದ್ದನ್ನ ನೋಡಾಕ ನಾ ಯಾಕ ಬರ್ಲಿ? ಮಂದ್ಯಾಗ ಮಾನ ಕಳದೀರಿ, ಸಾಕ."

ಇಂದು ನಸುಕಿನಲ್ಲಿ ಗುಡ್ಡಪ್ಪ ಎದ್ದು ಒಬ್ಬನೇ ಮಾಳಿಗೆ ಹತ್ತಿದ. ಬಿಸಿಲೇರಿದರೂ ಇಳಿಯಲಿಲ್ಲ. ಸಿಟ್ಟಾಗಿದ್ದಾನೆಂದುಕೊಂಡು ರುಕ್ಮವ್ವ ಅಂಗಳದಿಂದಲೇ, "ಚಾ ಆರಾಕತ್ತೈತಿ. ಅಲ್ಲೇ ಇರ್ರಿ, ಅಲ್ಲೇ ಸಂಸಾರ ಮಾಡ್ರಿ," ಎಂದು ಓಣಿಗೆಲ್ಲ ಕೇಳುವಂತೆ ಬೈದಳು. ಬೈಸಿಕೊಂಡವನು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ಆಗಲೇ ಸತ್ತು ಸೆಟೆದಿದ್ದ.

* * *

ಕೊನೆಗೂ ಪರಮೇಶನೇ ಗೆದ್ದ. ಅರಿವೆ ಬಿಗಿದು ತಲೆಯನ್ನು ಎದೆಗೆ ಬಗ್ಗಿಸಿದ. ಭಜನೆಯವರು ತಡವಾಗಿ ಬಂದಿದ್ದರಿಂದ ರುದ್ರಭೂಮಿ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿ, ಕುಣಿಯ ಹತ್ತಿರದ ದೊಡ್ಡ ದೀಪ ಹತ್ತಿತ್ತು. ಬಂದವರು ಆಗಲೇ ಮೊಬೈಲು ನೋಡತೊಡಗಿದ್ದರು.

ರುಕ್ಮವ್ವನ ಬಗಲಲ್ಲಿ ಆ ಛತ್ರಿ ಇತ್ತು. ಅದೂ ಅವನ ಜೊತೆಗೇ ಮಣ್ಣಾಗಲಿ, ಪೀಡೆ ಕಳೆಯಲಿ ಎಂದೇ ತಂದಿದ್ದಳು. ಆದರೆ ಕುಣಿಯಲ್ಲಿ ಕೂಡಿಸಿದಾಗ ಗುಡ್ಡಪ್ಪ ಗಿರಣಿಯ ಮುಂದೆ ನಿಂತಂತೆ ತಲೆ ತಗ್ಗಿಸಿದ್ದ. ಅವಳು ಛತ್ರಿಯನ್ನು ಬಗಲಲ್ಲೇ ಒತ್ತಿ ಹಿಡಿದು ತಮ್ಮನತ್ತ ತಿರುಗಿದಳು.

"ಆ ಅರಬಿ ಬಿಚ್ಚು."

"ಅಕ್ಕಾ, ಬಿಚ್ಚಿದ್ರ ಮತ್ತ ಮ್ಯಾಲ ನೋಡತಾರ."

"ನೋಡ್ಲಿ."

ಅಯ್ಯನವರು ಮುಖ ಸಿಂಡರಿಸಿದರು. ಪರಮೇಶ ಕುಣಿಗಿಳಿದು ಗಂಟು ಸಡಿಲಿಸಿದ. ತಲೆ ಹಿಂದಕ್ಕೆ ವಾಲಿ ಮಣ್ಣಿನ ಗೋಡೆಗೆ ಒರಗಿತು.

ರುಕ್ಮವ್ವ ಛತ್ರಿ ಬಿಚ್ಚಿ ದೀಪಕ್ಕೆ ಅಡ್ಡ ಹಿಡಿದಳು. ಹಿಂದೆ ಯಾರೋ ಕಿಸಕ್ಕೆಂದರು. ಅವಳು ತಲೆ ಎತ್ತಿದಳು. ಪಡುವಣದಿಂದ ಒಂದು ಬೆಳಕು ಬರುತ್ತಿತ್ತು. ಮಿಣುಕಲಿಲ್ಲ, ಕೆಂಪು ದೀಪವೂ ಇರಲಿಲ್ಲ. ಅವಳು ಅದರತ್ತ ಬೆರಳು ಮಾಡಿದಳು. ನಡು ಆಕಾಶಕ್ಕೆ ಬಂದದ್ದೇ ಅದು ಮಸುಕಾಗಿ ಇಲ್ಲವಾಯಿತು.

ಪರಮೇಶ ಹಿಡಿ ಮಣ್ಣು ಹಿಡಿದು ಕಾಯುತ್ತಿದ್ದ. "ಅಕ್ಕಾ, ಮಣ್ಣ ಹಾಕೂನು?"

"ತಡಿ," ಎಂದಳು ರುಕ್ಮವ್ವ. "ಇನ್ನೂ ಹೊಂಟೈತಿ."

ಏನೂ ಕಾಣದ ಆಕಾಶದಲ್ಲಿ ಅವಳ ಬೆರಳು ನಿಧಾನವಾಗಿ ಮೂಡಣಕ್ಕೆ ಸರಿಯುತ್ತಿತ್ತು.