ಡೇಟಾ ಸೆಂಟರ್ ಬರಲಿ, ಬಾವಿ ಸಿಹಿಯಾಗಿರಲಿ

ಮೇ ತಿಂಗಳು ಬಂತೆಂದರೆ ನಮ್ಮ ಊರಿನ ಹೆಂಗಸರ ಕಾಲೆಲ್ಲ ತಿಮ್ಮಣ್ಣನ ಮನೆಯ ಕಡೆಗೇ. ಬಾರ್ಕೂರಿನಿಂದ ಹೊಳೆಯ ದಂಡೆ ಹಿಡಿದು ಬಂದರೆ ಸಿಗುವ ಊರು ನಮ್ಮದು. ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರು ಹೊಳೆಯಲ್ಲಿ ಮೇಲೇರುತ್ತದೆ, ಒಂದೊಂದೇ ಬಾವಿ ಉಪ್ಪಾಗುತ್ತದೆ. ತಿಮ್ಮಣ್ಣನ ಬಾವಿ ಮಾತ್ರ ಸಿಹಿ. ಇಪ್ಪತ್ತು ಮನೆಯ ಅನ್ನ ಅದೇ ನೀರಿನಲ್ಲಿ ಬೇಯುತ್ತದೆ.

ಮಳೆ ನಿಂತ ಮೇಲೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿ, ನಡುವೆ ಮಣ್ಣು ತುಂಬಿ ಉಪ್ಪುನೀರು ತಡೆಯಬೇಕಲ್ಲ, ಆ ಕೆಲಸಕ್ಕೆ ಮನೆಗೊಬ್ಬರಂತೆ ಕರೆದು ನಿಲ್ಲಿಸುವವರೂ ತಿಮ್ಮಣ್ಣನೇ. ಹಾಗಾಗಿ ಅವರ ಮಾತಿಗೆ ಊರಲ್ಲಿ ತೂಕ. ಅದು ಕಂಪನಿಯವರಿಗೂ ಗೊತ್ತಾಗಿತ್ತು.

ಗುಡ್ಡೆಯ ಮೇಲೆ ದೊಡ್ಡ ಎಐ ಡೇಟಾ ಸೆಂಟರ್ ಕಟ್ಟುತ್ತಾರಂತೆ. ಆರು ಬೋರ್‌ವೆಲ್ ಬೇಕಂತೆ. ಮರುದಿನದ ಗ್ರಾಮಸಭೆಯಲ್ಲಿ ಮೊದಲು ಎದ್ದು ಒಪ್ಪಿಗೆ ಹೇಳಿ ಎಂದು ತಿಮ್ಮಣ್ಣನನ್ನೇ ಕೇಳಿಕೊಂಡಿದ್ದರು. ಇವರೋ ಉಬ್ಬಿಹೋಗಿದ್ದರು. ಬಿಳಿ ಅಂಗಿಗೆ ಇಸ್ತ್ರಿಯೂ ಆಗಿತ್ತು.

ಆ ಸಂಜೆ ಹೆಂಡತಿ ಸರಸಕ್ಕನ ತಮ್ಮನ ಮಗ ರತೀಶ ಬಂದ. ಬಂದರಿನ ಐಸ್ ಪ್ಲಾಂಟಿನಲ್ಲಿ ಮೆಕ್ಯಾನಿಕ್ ಅವನು.

"ಮಾವ, ಆರ್ ಬೋರ್‌ವೆಲ್ ಎಂತಕ್ಕೆ ಅಂದೇಳಿ ಕೇಂಡ್ರ್ಯಾ?"

"ಅಲ್ಲಿ ಕೆಲ್ಸ ಮಾಡೋರಿಗೆ ಕುಡುಕೆ ಇರ್ಕ್ ಮರಾಯ. ಕಂಪ್ಯೂಟರಿಗೆ ನೀರ್ ಎಂತಕ್ಕೆ? ನಾ ಈ ಮೊಬೈಲ್ ಹತ್ರ ತೆಂಗಿನ ಮರದ ರೋಗ ಕೇಂತೆ, ಅದ್ ಮದ್ದ್ ಹೇಳತ್ತ್. ಅದ್ ನೀರ್ ಕುಡ್ದದ್ದ್ ನಾ ಕಾಣ್ಲಿಲ್ಲ."

ರತೀಶ ನಕ್ಕ. "ಉತ್ತರ ಹೇಳೂದ್ ನಿಮ್ ಮೊಬೈಲ್ ಅಲ್ಲ ಮಾವ. ಎಲ್ಲೋ ದೂರದಂಗೆ ಸಾವಿರಗಟ್ಲೆ ಮಿಷನ್ ಹಗ್ಲು ರಾತ್ರಿ ಓಡತ್ತ್. ಸಿಕ್ಕಾಪಟ್ಟೆ ಕರೆಂಟ್ ಬೇಕ್. ಮಿಷನ್ ಕಾಯತ್ತ್, ತಣ್ಸ್‌ಕ್. ನಮ್ ಐಸ್ ಪ್ಲಾಂಟಿನ ಕೂಲಿಂಗ್ ಟವರ್ ಕಂಡಿದ್ರಿ ಅಲ್ದಾ? ಸುರ್ದ್ ನೀರಂಗೆ ಒಂದ್ ಪಾಲ್ ಆವಿಯಾಯಿ ಹೋತ್ತ್. ದಿನಾ ಹೊಸ ನೀರ್ ತುಂಬ್ಕ್. ಇಲ್ಲೂ ಹಾಂಗೇ ಮಾಡ್ರೆ?"

"ಹೋಯ್ಲಿ ಬಿಡ! ನಾಕ್ ತಿಂಗ್ಳ್ ಮಳಿಗೆ ನಮ್ಗ್ ಕೊಡಿ ಮಡ್ಚುಕೆ ಆತಿಲ್ಲ. ನಮ್ಗ್ ನೀರಿಗ್ ಬರವಾ?"

ಈ ಮಾತು ಕರಾವಳಿಯ ನಾವೆಲ್ಲ ಆಡುವುದೇ. ನಾನೂ ಆಡಿದ್ದೇನೆ, ಸುಳ್ಳು ಹೇಳುವುದಿಲ್ಲ.

"ಮಳಿಗಾಲದ್ದ್ ಬಿಡಿ ಮಾವ. ಮೇ ತಿಂಗ್ಳಂಗೆ ನೆಲದಡಿ ಸಿಹಿನೀರ್ ಎಳ್ದ್ರೆ, ಆ ಜಾಗಕ್ಕೆ ಹೊಳಿ ಉಪ್ಪುನೀರ್ ನುಗ್ಗತ್ತ್. ನಿಮ್ ಬಾವಿ ಹೊಳಿಯಿಂದ ಎಷ್ಟ್ ದೂರ ಇತ್ತ್, ನೀವೇ ಹೇಳಿ."

ತಿಮ್ಮಣ್ಣನ ಕಣ್ಣು ಬಾವಿಯ ಕಡೆ ಹೊರಳಿತು. ಬಾಗಿಲಲ್ಲಿ ಕೊಡಪಾನ ಹಿಡಿದು ನಿಂತಿದ್ದ ಸರಸಕ್ಕ ಮೆಲ್ಲಗೆ ಕೇಳಿದರು.

"ಹ್ವಾಯ್, ವಿಜೇತಾ ಹುಟ್ಟಿದ್ ವರ್ಷ ಮರ್ತ್ ಹೋಯ್ತಾ?"

ಮರೆಯುವುದು ಹೇಗೆ? ಮಗಳು ಹುಟ್ಟಿದ ಆ ವರ್ಷ ನಾಳೆ ನಾಳೆ ಎನ್ನುತ್ತ ತಿಮ್ಮಣ್ಣ ಹಲಗೆ ಹಾಕಿಸುವುದನ್ನು ತಡಮಾಡಿದ್ದರು. ಬಾವಿ ಉಪ್ಪಾಯಿತು. ಎಂಟು ತಿಂಗಳ ಬಸುರಿ ಸರಸಕ್ಕ ಗದ್ದೆಯ ಅಂಚಿನಲ್ಲಿ ಮೈಲು ದೂರದಿಂದ ನೀರು ಹೊತ್ತರು. ಬಾವಿ ಮತ್ತೆ ಸಿಹಿಯಾಗಲು ಎರಡು ಮಳೆಗಾಲ ಬೇಕಾಯಿತು.

"ಅವತ್ತ್ ನಾ ಎಂತದೂ ಹೇಳ್ಲಿಲ್ಲ. ಮುಂದಿನ್ ವರ್ಷ ಹಲ್ಗಿ ಹಾಕ್ತ್ರಿ ಅಂದೇಳಿ ನಂಬ್ಕಿ ಇತ್ತ್. ಅಡಿಯಿಂದ ಬಪ್ಪು ಉಪ್ಪುನೀರಿಗೆ ಎಲ್ಲಿ ಹಲ್ಗಿ ಹಾಕ್ತ್ರಿ?"

ತಿಮ್ಮಣ್ಣನ ಕಣ್ಣು ತುಂಬಿತು. ಇಷ್ಟು ವರ್ಷ ಆಕೆ ಆ ನೋವನ್ನು ಒಳಗೇ ಇಟ್ಟುಕೊಂಡಿದ್ದಳಲ್ಲ ಎಂದು ಅವರಿಗೆ ಸಂಕಟವಾಯಿತು.

"ಹಾಂಗಾರೆ ಬ್ಯಾಡ ಅಂಬ್ಕಾ ರತೀಶಾ?"

"ಬ್ಯಾಡ ಅಂಬುದ್ ಬ್ಯಾಡ. ಮೊದ್ಲ್ ಕೇಣಿ. ಪೇಟಿ ಕೊಳಕ್ ನೀರನ್ನ ಶುದ್ಧ ಮಾಡಿ ಬಳ್ಸ್‌ಲಕ್ಕ್. ಅದೇ ನೀರನ್ನ ಪೈಪಂಗೆ ತಿರ್ಗ್ಸ್‌ಲಕ್ಕ್. ನೀರ್ ಉಳ್ಸುಕೆ ಹೋಯಿ ಕರೆಂಟ್ ಜಾಸ್ತಿ ಎಳುದೂ ಇರತ್ತ್, ಅದಕ್ಕೆ ಎರಡ್ರ ಲೆಕ್ಕವೂ ಕೇಣ್ಕ್."

ಮರುದಿನ ಸಭೆಯಲ್ಲಿ ತಿಮ್ಮಣ್ಣ ಎದ್ದು ನಿಂತಾಗ ಕಂಪನಿಯ ಅಧಿಕಾರಿ ಆಗಲೇ ನಗುತ್ತಿದ್ದರು.

"ನೀವ್ ಬನ್ನಿ, ನಮ್ದೇನ್ ತಕರಾರಿಲ್ಲ. ಆದ್ರೆ ನೀರ್ ಎಲ್ಲಿಂದ ತತ್ರಿ? ದಿನಕ್ಕೆ ಎಷ್ಟ್? ಬೇಸ್ಗಿಯಂಗೆ ಎಷ್ಟ್? ಕರೆಂಟ್ ಬಿಸ್ಲು ಗಾಳಿದಾ, ಕಲ್ಲಿದ್ದಲಿದಾ? ಮೀಟರ್ ಹಾಕಿ, ತಿಂಗ್ಳ್ ತಿಂಗ್ಳ್ ಪಂಚಾಯ್ತಿ ಬೋರ್ಡಂಗೆ ಬರಿತ್ರ್ಯಾ?"

ಅಧಿಕಾರಿ ಕಾಗದ ಮಗುಚಿದರು. ಬೇಸಿಗೆಯ ಲೆಕ್ಕ ಅವರಲ್ಲಿ ಇರಲಿಲ್ಲ. ಎಲ್ಲಕ್ಕೂ ಲಿಖಿತ ಉತ್ತರ ಬರುವ ತನಕ ಬೋರ್‌ವೆಲ್‌ಗೆ ಒಪ್ಪಿಗೆ ಇಲ್ಲ ಎಂದು ನಿರ್ಣಯವಾಯಿತು. ಇಪ್ಪತ್ತು ಮನೆಯ ಹೆಂಗಸರೂ ಅದಕ್ಕೆ ಕೈ ಎತ್ತಿದರು.

ಮನೆಗೆ ಬಂದ ತಿಮ್ಮಣ್ಣ ಸರಸಕ್ಕನ ಕೈಯಿಂದ ಕೊಡಪಾನ ತೆಗೆದುಕೊಂಡರು. ಅವರು ಹಾಗೆ ಮಾಡಿದ್ದನ್ನು ಊರವರು ಯಾರೂ ಅದುವರೆಗೆ ಕಂಡಿರಲಿಲ್ಲ.

"ಇವತ್ತ್ ನೀರ್ ನಾ ಎಳಿತೆ. ನೀ ಕೂಕೋ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮೊಬೈಲು ಹೇಳುವ ಉತ್ತರ ನಮಗೆಲ್ಲ ಬೇಕು. ಅದರ ಹಿಂದೆ ಯಾರದೋ ಊರಿನ ನೀರು, ಕರೆಂಟು ಇರುತ್ತದೆ. ನಿಮ್ಮ ಊರಿಗೆ ಡೇಟಾ ಸೆಂಟರ್ ಬರುವುದಾದರೆ ಗ್ರಾಮಸಭೆಗೆ ತಪ್ಪದೆ ಹೋಗಿ. ನೀರು ಎಲ್ಲಿಂದ, ಕರೆಂಟು ಎಲ್ಲಿಂದ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಕೈ ಎತ್ತುವ ಮೊದಲು ನಿಮ್ಮ ಮನೆಯಲ್ಲಿ ನೀರು ಹೊರುವವರ ಮುಖ ಒಮ್ಮೆ ನೋಡಿ.